ಕಣ್ಣುರಿಸದ ಹೊಗೆ

ಬಳ್ಳಾರಿ ಜಾಲಿಯ ಬಗ್ಗೆ ನಮ್ಮ ಕಡೆ ಯಾರೂ ಒಳ್ಳೇ ಮಾತಾಡುವುದಿಲ್ಲ. ಕೆರೆಯಂಗಳ ತುಂಬಿಕೊಂಡಿದ್ದು ಅದು. ಬೀಳು ಬಿಟ್ಟ ಹೊಲ ನುಂಗಿದ್ದು ಅದು. ಚಪ್ಪಲಿ ತೂರಿಕೊಂಡು ಕಾಲಿಗಿಳಿಯುವ ಮುಳ್ಳೂ ಅದರದ್ದೇ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಹಿಡಿದು ಚಿತ್ರದುರ್ಗ, ತುಮಕೂರು, ಕೋಲಾರದ ಒಣ ಕೆರೆಗಳ ತನಕ ಹಬ್ಬಿದೆ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದು ಇಲ್ಲಿಯ ಮರವಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. ಬ್ರಿಟಿಷರ ಕಾಲದಲ್ಲಿ ಇಂಡಿಯಾಕ್ಕೆ ಬಂತು. ಕುರಿ, ಮೇಕೆ ಅದರ ಕಾಯಿ ತಿಂದು ಹಿಕ್ಕೆ ಹಾಕಿದ ಕಡೆಯೆಲ್ಲ ಸಸಿ ಏಳುತ್ತದೆ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ.

ಆದರೆ ಅದರ ಸೌದೆಯ ಬಗ್ಗೆ ಕೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ. ಒಣಗಿದ ಜಾಲಿ ಚೆನ್ನಾಗಿ ಉರಿಯುತ್ತದೆ, ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ತಮಿಳುನಾಡಿನ ರಾಮನಾಥಪುರದ ಕಡೆ ಜಾಲಿ ಸುಟ್ಟು ಇದ್ದಿಲು ಮಾಡುವುದೇ ಎಷ್ಟೋ ಮನೆಗಳ ಜೀವನ. ಇದೇ ಜಾತಿಗೆ ಹತ್ತಿರದ ಇನ್ನೊಂದು ಮರ ಅಮೆರಿಕದ ಟೆಕ್ಸಸ್‌ನಲ್ಲಿ ಬೆಳೆಯುತ್ತದೆ. ಅಲ್ಲಿ ಅದು ಮೆಸ್ಕೀಟ್. ಹುಲ್ಲುಗಾವಲು ಹಾಳು ಮಾಡುತ್ತೆ ಅಂತ ದನ ಸಾಕುವವರು ಅದನ್ನು ಅಲ್ಲೂ ಬೈಯುತ್ತಾರೆ. ಅದರ ಚಕ್ಕೆಯನ್ನೇ ಚೀಲಕ್ಕೆ ತುಂಬಿ, ಮಾಂಸಕ್ಕೆ ಹೊಗೆ ಕೊಡಲು ಅಂತ ಅಂಗಡಿಗಳಲ್ಲಿ ಮಾರುತ್ತಾರೆ. ಅಂಥ ಚೀಲ ನಮಗೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ನಾನು ಕೊಳ್ಳುವುದಿಲ್ಲ. ಶಿರಾ ಹತ್ತಿರದ ನಮ್ಮೂರಿಗೆ ಹೋದಾಗ ಜಾಲಿ ತುಂಡುಗಳನ್ನು ತಂದು, ಬೆಂಗಳೂರಿನ ಮನೆಯ ತಾರಸಿಯಲ್ಲಿ ಮಳೆ ತಾಗದ ಹಾಗೆ ಪೇರಿಸಿಡುತ್ತೇನೆ. ಬೇಕಾದಾಗ ಮಚ್ಚಿನಲ್ಲಿ ಚಕ್ಕೆ ಎಬ್ಬಿಸಿಕೊಳ್ಳುತ್ತೇನೆ. ನಮ್ಮೂರ ಕುರಿಗಳು ಇದರ ಕಾಯಿ ತಿಂದೇ ಬೆಳೆಯುತ್ತವೆ. ಅದೇ ಮರದ ಹೊಗೆಯಲ್ಲಿ ಕುರಿ ಮಾಂಸ ಬೇಯಿಸುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ.

ಹೊಗೆಯ ರುಚಿ ನಮಗೆ ಹೊಸದೇನೂ ಅಲ್ಲ. ನಾಟಿ ಕೋಳಿಯ ಪುಕ್ಕ ಕಿತ್ತ ಮೇಲೆ ಅರಿಶಿನ ಸವರಿ, ಹುಲ್ಲಿನ ಉರಿಯಲ್ಲಿ ಹಿಡಿದು ಸುಡುತ್ತಾರಲ್ಲ, ಆ ವಾಸನೆ ಇಲ್ಲದಿದ್ದರೆ ನಮ್ಮೂರಲ್ಲಿ ಅದು ಕೋಳಿ ಸಾರೇ ಅಲ್ಲ. ತಲೆ, ಕಾಲು ಸುಡುವುದೂ ಹಾಗೇ. ಕೂದಲು ಹೋಗಲಿ ಅಂತ ಸುಡುವುದು ನಿಜ. ಆದರೆ ಕಾಲು ಸೂಪಿನ ರುಚಿಯಲ್ಲಿ ಆ ಸುಟ್ಟ ಚರ್ಮದ ಪಾಲು ದೊಡ್ಡದು. ಮಾಂಸ ಮುಟ್ಟದ ಮನೆಗಳಲ್ಲೂ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಇದ್ದೇ ಇತ್ತು.

ಇನ್ನು ಉಪ್ಪುಕಂಡ. ಮಾರಿಹಬ್ಬಕ್ಕೆ ಕುರಿ ಕಡಿದಾಗ ಒಂದೇ ದಿನಕ್ಕೆ ಮುಗಿಯದಷ್ಟು ಮಾಂಸ ಇರುತ್ತಿತ್ತು, ಫ್ರಿಜ್ ಇರುತ್ತಿರಲಿಲ್ಲ. ಅಜ್ಜಿ ಮಾಂಸವನ್ನು ಉದ್ದುದ್ದ ಕೊಯ್ದು, ಉಪ್ಪು, ಅರಿಶಿನ, ಕಾರದಪುಡಿ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದರು. ಮೋಡ ಕವಿದರೆ ಅದೇ ದಾರ ಒಲೆಯ ಮೇಲಕ್ಕೆ ಹೋಗುತ್ತಿತ್ತು. ಬಿಸಿಲನ್ನು ನೆಚ್ಚಿಕೊಳ್ಳಲಾಗದ ಕೊಡಗು, ಮಲೆನಾಡಿನ ಕಡೆ ಒಲೆಯ ಮೇಲಿನ ಜಾಗವೇ ಮುಖ್ಯ. ಉಪ್ಪು ಮಾಂಸದ ನೀರನ್ನು ಎಳೆದುಹಾಕುತ್ತದೆ. ಒಲೆಯ ಬಿಸಿ ಅದನ್ನು ಒಣಗಿಸುತ್ತದೆ. ಹೊಗೆಯಲ್ಲಿರುವ ಫೀನಾಲ್‌ಗಳು ಕೊಬ್ಬು ಮುಗ್ಗಲಾಗದ ಹಾಗೆ ತಡೆಯುತ್ತವೆ, ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲು ಬಿಡುವುದಿಲ್ಲ. ಈ ವಿವರ ಗೊತ್ತಿಲ್ಲದೆಯೇ ಅಜ್ಜಿಗೆ ಕೆಲಸ ಗೊತ್ತಿತ್ತು.

ಟೆಕ್ಸಸ್‌ನ ಲಾಕ್‌ಹಾರ್ಟ್ ಅನ್ನುವ ಊರಿನ ಕತೆಯೂ ಬಹಳ ಬೇರೆಯದಲ್ಲ. ಜರ್ಮನ್, ಚೆಕ್ ನಾಡುಗಳಿಂದ ಆ ಸೀಮೆಗೆ ಹೋಗಿ ನೆಲೆಸಿದವರು ಮಾಂಸದಂಗಡಿ ಇಟ್ಟರು. ಮಾರಾಟವಾಗದೆ ಉಳಿದದ್ದನ್ನು ಕೆಡಲು ಬಿಡದೆ ಹೊಗೆಗೆ ಹಾಕಿದರು, ಕಾಗದದಲ್ಲಿ ಸುತ್ತಿ ಕೊಟ್ಟರು. 1900ರಲ್ಲಿ ಶುರುವಾದ ಕ್ರೈಟ್ಸ್ ಮಾರ್ಕೆಟ್ ಈಗಲೂ ಅಲ್ಲಿ ನಡೆಯುತ್ತಿದೆ. ಅಲ್ಲಿನವರು ಉರಿಸುವುದು ಪೋಸ್ಟ್ ಓಕ್ ಮರ. ದನದ ಎದೆಭಾಗದ ದೊಡ್ಡ ತುಂಡನ್ನು, ಅಂದರೆ ಬ್ರಿಸ್ಕೆಟನ್ನು, ಅದರ ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಉಳಿದ ಮಾಂಸ ಉಳಿಸಿಕೊಳ್ಳುವ ಉಪಾಯವೇ ಒಂದು ಸೀಮೆಯ ಹೆಮ್ಮೆಯ ಅಡುಗೆಯಾಯಿತು.

ತಾರಸಿಯಲ್ಲಿ ಇದನ್ನು ಮಾಡಲು ಮುಚ್ಚಳವಿರುವ ದುಂಡನೆಯ ಇದ್ದಿಲು ಗ್ರಿಲ್ ಒಂದು ಸಾಕು. ಅದು ಹುಟ್ಟಿದ್ದು 1952ರಲ್ಲಿ. ಶಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ ನೀರಿನಲ್ಲಿ ತೇಲುವ ಲೋಹದ ಬುರುಡೆ ಮಾಡುವ ಜಾಗದಲ್ಲಿದ್ದವರು. ಆ ಬುರುಡೆಯ ಆಕಾರವನ್ನೇ ಎರಡು ಹೋಳು ಮಾಡಿ, ಕೆಳಗಿನದಕ್ಕೆ ಕಾಲು, ಮೇಲಿನದಕ್ಕೆ ಹಿಡಿ ಕೊಟ್ಟರು. ಮುಚ್ಚಳ ಬಂದಿದ್ದರಿಂದ ಸುಡುವ ಒಲೆ ಬೇಯಿಸುವ ಒಲೆಯೂ ಆಯಿತು. ಅದಕ್ಕಿಂತ ಮುಖ್ಯವಾದದ್ದು ಅದರ ಎರಡು ಗಾಳಿಕಿಂಡಿಗಳು. ಕೆಳಗೊಂದು, ಮುಚ್ಚಳದಲ್ಲೊಂದು. ನನ್ನ ಪ್ರಕಾರ ಹೊಗೆ ಅಡುಗೆಯ ಜೀವ ಇರುವುದು ಆ ಕಿಂಡಿಗಳಲ್ಲಿ. ಮಸಾಲೆಯ ಬಗ್ಗೆ, ಮರದ ಜಾತಿಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಗಾಳಿಯ ಲೆಕ್ಕ ತಪ್ಪಿದರೆ ಅವು ಯಾವುವೂ ಉಳಿಸುವುದಿಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರದಲ್ಲಿ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಇರುತ್ತವೆ. ಕಾವಿಗೆ ಇವು ಒಡೆದು ಆವಿಯಾಗುತ್ತವೆ. ಮೊದಲಿನ ಎರಡರಿಂದ ಬರುವ ಆವಿ ಮಾಂಸಕ್ಕೆ ಕಂದು ಬಣ್ಣ ಕೊಡುತ್ತದೆ, ಸ್ವಲ್ಪ ಸಿಹಿ ವಾಸನೆಯನ್ನೂ ಕೊಡುತ್ತದೆ. ಲಿಗ್ನಿನ್ ಒಡೆದಾಗ ಗ್ವಾಯಕೋಲ್, ಸಿರಿಂಗೋಲ್ ಅನ್ನುವ ಫೀನಾಲ್‌ಗಳು ಬರುತ್ತವೆ. ನಾವು ಹೊಗೆಯ ರುಚಿ, ಹೊಗೆಯ ಘಮ ಅನ್ನುವುದು ಹೆಚ್ಚಾಗಿ ಇವನ್ನೇ. ಬೆಂಕಿಗೆ ಗಾಳಿ ಸಾಲದೆ ಹೋದರೆ ಆ ಆವಿಯೆಲ್ಲ ಅರ್ಧಂಬರ್ಧ ಉರಿದು, ಸಣ್ಣ ಹನಿಗಳಾಗಿ, ದಟ್ಟ ಬಿಳೀ ಹೊಗೆಯಾಗಿ ಹೊರಡುತ್ತದೆ. ಅದು ಮಾಂಸದ ಮೇಲೆ ಕೂತರೆ ಕಹಿ. ನಾಲಿಗೆ ಜೋಮು ಹಿಡಿದಂತಾಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಕಹಿಯ ಪಾಲು ಬೆಂಕಿಯಲ್ಲೇ ಉರಿದುಹೋಗುತ್ತದೆ. ಉಳಿದ ಕಣಗಳು ಎಷ್ಟು ಸಣ್ಣವೆಂದರೆ ಹೊಗೆ ತೆಳ್ಳಗೆ, ತಿಳಿ ನೀಲಿಯಾಗಿ ಕಾಣುತ್ತದೆ. ಕೆಲವು ಸಲ ಕಾಣುವುದೇ ಇಲ್ಲ, ಕೈ ಹಿಡಿದು ಮೂಸಿದರೆ ಮಾತ್ರ ಗೊತ್ತಾಗುತ್ತದೆ. ಮಾಂಸ ಇಡಬೇಕಾದದ್ದು ಆಗ.

ಹಾಗಾಗಿ ಹೊಗೆ ಜಾಸ್ತಿ ಬಂದಷ್ಟೂ ರುಚಿ ಜಾಸ್ತಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಕ್ಕೆಗಳನ್ನು ನೀರಲ್ಲಿ ನೆನೆಹಾಕಿ ಅನ್ನುವ ಸಲಹೆಯನ್ನೂ ಒಪ್ಪುವುದಿಲ್ಲ. ಗಟ್ಟಿ ಮರ ಅಷ್ಟು ಬೇಗ ನೀರು ಕುಡಿಯುವುದಿಲ್ಲ, ಮೇಲೆ ಮೇಲೆ ಒದ್ದೆಯಾಗುತ್ತದೆ ಅಷ್ಟೇ. ಕೆಂಡಕ್ಕೆ ಬಿದ್ದಾಗ ಮೊದಲು ಏಳುವುದು ಬರೀ ಆವಿ. ಆ ನೀರು ಆರುವ ತನಕ ಮರ ಸರಿಯಾಗಿ ಉರಿಯುವುದೂ ಇಲ್ಲ. ಒಣ ಚಕ್ಕೆ ಬೇಗ ಉರಿದುಹೋಗುತ್ತದೆ ಅನ್ನುವುದು ನಿಜ. ಅದಕ್ಕೆ ಹಿಡಿಯಷ್ಟನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಎರಡು ಮೂರು ತೂತು ಮಾಡಿ ಕೆಂಡದ ಪಕ್ಕ ಇಟ್ಟರೆ ನಿಧಾನಕ್ಕೆ ಹೊಗೆ ಬಿಡುತ್ತದೆ. ಜಾಸ್ತಿ ಹೊತ್ತಿನ ಅಡುಗೆಯಾದರೆ ಮುಷ್ಟಿ ಗಾತ್ರದ ತುಂಡು ಇನ್ನೂ ಒಳ್ಳೆಯದು.

ಮರ ಗಟ್ಟಿ ಜಾತಿಯದಾಗಿರಬೇಕು, ಚೆನ್ನಾಗಿ ಒಣಗಿರಬೇಕು. ಜಾಲಿಯ ಹೊಗೆ ಖಡಕ್, ಅದನ್ನು ಕಡಿಮೆ ಬಳಸಬೇಕು. ಸೀಬೆ, ಹಲಸು ಸೌಮ್ಯ. ತೋಟದಲ್ಲಿ ಹಳೇ ಕಾಫಿ ಗಿಡ ಕಿತ್ತಾಗ ಸಿಗುವ ಕಟ್ಟಿಗೆ ಕೋಳಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಬೇಡ, ಅದರ ರಾಳ ಮಸಿ ಹಿಡಿಸುತ್ತದೆ. ಪ್ಲೈವುಡ್, ಬಣ್ಣ ಬಳಿದ ಹಲಗೆ, ಔಷಧಿ ಹೊಡೆದ ಮರ ಯಾವುದೂ ಬೇಡ. ಬೇಲಿಯಲ್ಲಿ ಸಿಗುತ್ತೆ ಅಂತ ಕಣಗಿಲೆ ಕಡ್ಡಿಯನ್ನಂತೂ ಮುಟ್ಟಲೇಬೇಡಿ, ಅದು ವಿಷ.

ಈಗ ಮಾಂಸ. ನಮ್ಮ ಮಟನ್ ಅಂಗಡಿಯಲ್ಲಿ ಕತ್ತಿ ನಿಲ್ಲುವುದೇ ಇಲ್ಲ. ಕೇಳುವ ಮೊದಲೇ ಸಾರಿನ ತುಂಡು ಆಗಿಬಿಟ್ಟಿರುತ್ತದೆ.

"ಅಣ್ಣಾ, ಮುಂದಿನ ಕೈ ಇಡಿಯಾಗಿ ಕೊಡಿ, ತುಂಡು ಮಾಡಬೇಡಿ."

"ಇಡಿಯಾಗಾ? ಕುಕ್ಕರ್‌ಗೆ ಹಿಡಿಸಲ್ಲ ಸಾರ್."

"ಕುಕ್ಕರ್‌ಗಲ್ಲ ಅಣ್ಣಾ, ಕೆಂಡಕ್ಕೆ."

ಅವರಿಗೆ ಈಗ ಅಭ್ಯಾಸವಾಗಿದೆ. ಮೇಲಿನ ಕೊಬ್ಬು ತೆಗೆಯದೆ ಕೊಡುತ್ತಾರೆ. ತೊಡೆಗಿಂತ ಮುಂಗಾಲಿನ ಭುಜದ ಭಾಗ ನನಗೆ ಇಷ್ಟ. ಹೆಚ್ಚು ಓಡಾಡಿದ ಮಾಂಸ ಅದು, ನಾರು ಜಾಸ್ತಿ. ಆ ನಾರಿನ ಕೊಲಾಜೆನ್ ನಿಧಾನದ ಕಾವಿನಲ್ಲಿ ಕರಗಿ ಜೆಲಟಿನ್ ಆದಾಗಲೇ ಮಾಂಸ ಮೆತ್ತಗಾಗುವುದು, ಬಾಯಲ್ಲಿ ಜಿನುಗುವುದು. ಮೇಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಕುರಿ ವಾಸಿ. ಬನ್ನೂರು ಕುರಿ ಸಿಕ್ಕರೆ ಅದೃಷ್ಟ. ಆ ಗಿಡ್ಡ, ಗುಂಡನೆಯ ಕುರಿಯ ಮಾಂಸದ ಹೆಸರು ಮಂಡ್ಯ ಕಡೆ ಸುಮ್ನೆ ಬಂದದ್ದಲ್ಲ.

ಹಿಂದಿನ ರಾತ್ರಿಯೇ ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಇಡುತ್ತೇನೆ. ಮಾಂಸದೊಳಗೆ ಇಳಿಯುವುದು ಉಪ್ಪು ಮಾತ್ರ. ಮೆಣಸು, ಕೊತ್ತಂಬರಿ ಬೀಜ, ಬೆಳ್ಳುಳ್ಳಿ ಮೇಲೇ ಉಳಿಯುತ್ತವೆ, ಅವನ್ನು ಬೆಳಗ್ಗೆ ಹಚ್ಚಿದರೂ ಸಾಕು. ನಾನು ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಧಾರಾಳವಾಗಿ ಹಾಕುತ್ತೇನೆ. ಗರಂ ಮಸಾಲೆ ಹಾಕುವುದಿಲ್ಲ. ಹೊಗೆಯ ಜೊತೆ ಲವಂಗ, ಏಲಕ್ಕಿ ಜಗಳಕ್ಕೆ ನಿಲ್ಲುತ್ತವೆ.

ಕೆಂಡವನ್ನೆಲ್ಲ ಒಂದು ಬದಿಗೆ ಒತ್ತರಿಸಬೇಕು. ಇನ್ನೊಂದು ಬದಿಯಲ್ಲಿ, ಮಾಂಸದ ಕೆಳಗೆ, ನೀರು ತುಂಬಿದ ತಟ್ಟೆ. ಮುಚ್ಚಳದ ಕಿಂಡಿ ಮಾಂಸದ ಮೇಲೆ ಬರುವ ಹಾಗೆ ತಿರುಗಿಸಿದರೆ ಹೊಗೆ ಮಾಂಸವನ್ನು ಸವರಿಕೊಂಡು ಹೊರಗೆ ಹೋಗುತ್ತದೆ. ಮೇಲಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟು, ಕೆಳಗಿನದರಲ್ಲಿ ಕಾವನ್ನು ಹೆಚ್ಚು ಕಡಿಮೆ ಮಾಡುವುದು ಒಳ್ಳೆಯದು. ಒಳಗೆ 110ರಿಂದ 125 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಚಕ್ಕೆ ಬೇಕಾಗುವುದು ಮೊದಲ ಒಂದೆರಡು ಗಂಟೆ. ತಣ್ಣಗಿರುವ, ಪಸೆ ಇರುವ ಮಾಂಸಕ್ಕೆ ಹೊಗೆ ಚೆನ್ನಾಗಿ ಅಂಟುತ್ತದೆ. ಮೇಲ್ಮೈಯ ಕೆಳಗೆ ಗುಲಾಬಿ ಬಣ್ಣದ ಒಂದು ಪಟ್ಟಿ ಕಾಣಿಸಿಕೊಳ್ಳುವುದೂ ಆಗಲೇ. ಅದು ಹಸಿ ಮಾಂಸವಲ್ಲ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೋಡಲು ಚೆಂದ, ರುಚಿಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ಒಂದು ಘಟ್ಟ ಬರುತ್ತದೆ. ಥರ್ಮಾಮೀಟರ್ ಚುಚ್ಚಿದ್ದರೆ ಮಾಂಸದ ಒಳಗಿನ ಬಿಸಿ ಏರುತ್ತಾ ಏರುತ್ತಾ 65–75 ಡಿಗ್ರಿಯ ನಡುವೆ ಎಲ್ಲೋ ನಿಂತುಬಿಡುತ್ತದೆ. ದೊಡ್ಡ ತುಂಡಾದರೆ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಇದ್ದಿಲು ಮುಗಿಯಿತಾ ಅಂತ ಗಾಬರಿಯಾಗುತ್ತದೆ. ಆಗುತ್ತಿರುವುದು ಇಷ್ಟೇ: ಮಣ್ಣಿನ ಹೂಜಿ ಮೈಯಲ್ಲಿ ನೀರು ಜಿನುಗಿ ಆರುತ್ತಾ ಒಳಗಿನ ನೀರನ್ನು ತಣ್ಣಗಿಡುವ ಹಾಗೆ, ಮಾಂಸ ತನ್ನ ಪಸೆಯನ್ನು ಆವಿಯಾಗಿ ಬಿಡುತ್ತಾ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತಿದೆ. ಕಾಯಬಹುದು, ಇಲ್ಲ ಸುತ್ತಬಹುದು. ಟೆಕ್ಸಸ್‌ನವರು ಫಾಯಿಲ್‌ನಲ್ಲೋ ದಪ್ಪ ಕಾಗದದಲ್ಲೋ ಸುತ್ತುತ್ತಾರೆ. ನಾನು ಬಾಡಿಸಿದ ಬಾಳೆ ಎಲೆಯಲ್ಲಿ ಎರಡು ಪದರ ಸುತ್ತುತ್ತೇನೆ. ಪಸೆ ನಿಲ್ಲುತ್ತದೆ, ಮೇಲಿನ ಕರಿಯ ಪದರ ತೀರಾ ಮೆತ್ತಗಾಗುವುದಿಲ್ಲ, ಎಲೆಯ ಘಮ ಬೇರೆ. ಒಳಗೆ 90 ದಾಟಿ 95ರ ಹತ್ತಿರ ಬಂದಾಗ ಮೂಳೆ ಹಿಡಿದು ತಿರುವಿದರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಇಳಿಸಿ, ಎಲೆ ಬಿಚ್ಚದೆ ಅರ್ಧ ಮುಕ್ಕಾಲು ಗಂಟೆ ಹಾಗೇ ಬಿಡಬೇಕು.

ಕೋಳಿಗೆ ಇಷ್ಟೆಲ್ಲ ಬೇಡ. ಚರ್ಮ ಸಮೇತ ತೊಡೆ ತರಬೇಕು, ಕಾವು ಜಾಸ್ತಿ ಇರಬೇಕು, ಮಾಂಸದ ಒಳಗಿನ ಬಿಸಿ ಕನಿಷ್ಠ 74 ಡಿಗ್ರಿ ಮುಟ್ಟಲೇಬೇಕು. ಹಂದಿಯ ಭುಜವಾದರೆ ಕುರಿಯ ಹಾಗೇ ನಿಧಾನಕ್ಕೆ. ಕೊನೆಯಲ್ಲಿ ಕೊಡಗಿನ ಕಾಚಂಪುಳಿಯನ್ನು ತೆಳುವಾಗಿ ಸವರಿದರೆ ಅದರ ಕರಿ ಹುಳಿಯೂ ಕೊಬ್ಬೂ ಹೊಗೆಯೂ ಸೇರಿ ಬರುವ ರುಚಿಗೆ ಬೇರೆ ಸಾಸ್ ಯಾಕೆ ಬೇಕು?

ಇಷ್ಟೆಲ್ಲ ಮಾಡುವಾಗ ನನಗೆ ಮತ್ತೆ ಮತ್ತೆ ಅಜ್ಜಿಯ ಅಡುಗೆಮನೆ ನೆನಪಾಗುತ್ತದೆ. ಮೂರು ಕಲ್ಲಿನ ಒಲೆ, ಕಿಟಕಿಯೇ ಇಲ್ಲದ ಗೋಡೆ, ಮಸಿ ಹಿಡಿದ ತೊಲೆ, ಊದುಗೊಳವೆ. ಉಪ್ಪುಕಂಡಕ್ಕೆ ಹಿಡಿದ ಹೊಗೆಯೇ ಅಜ್ಜಿಯ ಎದೆಗೂ ಹೋಯಿತು. ಅದು ಬೆಳಗ್ಗೆ, ರಾತ್ರಿ, ದಿನಾ. ಕೆಮ್ಮುತ್ತಲೇ ಮುದ್ದೆ ಕೂಡಿಸುತ್ತಿದ್ದರು. ನಾವು ಆ ಸಾರಿನ ರುಚಿಯನ್ನು ಹೊಗಳುವಾಗ ಆ ಕೆಮ್ಮನ್ನು ಬಿಟ್ಟು ಹೊಗಳುವುದು ನ್ಯಾಯವಲ್ಲ.

ಒಲೆಗೆ ಗಾಳಿ ಕೊಡುವ ವಿಚಾರವನ್ನು ನಮ್ಮಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡವರು ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಜೊತೆಗಾರರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಅನ್ನುವ ಕೇಂದ್ರ ಕಟ್ಟಿದರು. ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಮೂರು ಪಾತ್ರೆ ಇಡುವ ಮಣ್ಣಿನ ಒಲೆ, ಸೌದೆಯ ಕೆಳಗೆ ಗಾಳಿ ಹೋಗಲು ಜಾಲರಿ, ಹೊಗೆ ಹೊರಗೆ ಹೋಗಲು ಚಿಮಣಿ. ಸೌದೆ ಚೆನ್ನಾಗಿ ಉರಿಯಲಿ, ಕಡಿಮೆ ಸೌದೆಯಲ್ಲಿ ಅಡುಗೆಯಾಗಲಿ, ಹೊಗೆ ಮನೆಯೊಳಗೆ ಸುತ್ತದಿರಲಿ ಅನ್ನುವುದು ಅದರ ಲೆಕ್ಕ. ನನ್ನ ಗ್ರಿಲ್‌ನ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಮಾಡುವ ಕೆಲಸವೂ ಅದೇ. ಆಮೇಲೆ ಗ್ಯಾಸ್ ಬಂತು. 2016ರಲ್ಲಿ ಉಜ್ವಲ ಯೋಜನೆ ಶುರುವಾಯಿತು. ಹಾಗಿದ್ದರೂ ಸಿಲಿಂಡರ್ ತುಂಬಿಸಲು ದುಡ್ಡು ಸಾಲದೆ ಸೌದೆ ಒಲೆಯನ್ನೂ ಉರಿಸುವ ಮನೆಗಳು ನಮ್ಮೂರಲ್ಲಿ ಈಗಲೂ ಇವೆ. ನನಗೆ ಹೊಗೆ ಒಂದು ಭಾನುವಾರದ ಇಷ್ಟ. ಬೇಡ ಅನ್ನಿಸಿದರೆ ಎದ್ದು ಗಾಳಿ ಬರುವ ಕಡೆ ನಿಲ್ಲಬಹುದು. ಅಜ್ಜಿಗೆ ಆ ಆಯ್ಕೆ ಇರಲಿಲ್ಲ, ಎಷ್ಟೋ ಹೆಂಗಸರಿಗೆ ಇವತ್ತಿಗೂ ಇಲ್ಲ.

ತಿನ್ನುವವರ ವಿಚಾರದಲ್ಲೂ ಮುಚ್ಚುಮರೆ ಬೇಡ. ಕೊಬ್ಬು ನೇರವಾಗಿ ಕೆಂಡಕ್ಕೆ ಬಿದ್ದು ಭಗ್ಗೆಂದು ಹೊತ್ತಿದಾಗ ಏಳುವ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಕೆಟ್ಟ ರಾಸಾಯನಿಕಗಳಿರುತ್ತವೆ. ಕೆಂಡ ಒಂದು ಕಡೆ, ಮಾಂಸ ಒಂದು ಕಡೆ, ಕೆಳಗೆ ನೀರಿನ ತಟ್ಟೆ ಅಂತ ಹೇಳಿದ್ದಕ್ಕೆ ಇದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಉಪ್ಪು ಹಾಕಿ, ಹೊಗೆ ಹಿಡಿಸಿ ಕಾಪಿಡುವ ಮಾಂಸವೂ ಅದರಲ್ಲಿ ಬರುತ್ತದೆ. ಹಾಗಾಗಿ ನಮ್ಮನೆಯಲ್ಲಿ ಇದು ಅಪರೂಪದ ಊಟ, ವಾರವಾರದ್ದಲ್ಲ. ತಾರಸಿಯಲ್ಲಿ ಹೊಗೆ ಕೊಟ್ಟ ಮಾಂಸ ಉಪ್ಪುಕಂಡದ ಹಾಗೆ ಹೊರಗೆ ಉಳಿಯುವುದೂ ಇಲ್ಲ, ಮಿಕ್ಕಿದ್ದನ್ನು ಫ್ರಿಜ್‌ಗೆ ಇಡಬೇಕು. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ: ಮಳೆ ಬಂತು ಅಂತಲೋ ಚಳಿ ಅಂತಲೋ ಕೆಂಡವನ್ನು ಮನೆಯೊಳಗೆ, ಮುಚ್ಚಿದ ಬಾಲ್ಕನಿಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದಿಲ್ಲ.

ಮಾಂಸ ಬಿಡಿಸಿಕೊಂಡ ಮೇಲೆ ಉಳಿಯುವ ಮೂಳೆಯನ್ನು ಎಸೆಯಬೇಡಿ. ಹೊಗೆ ಕುಡಿದ ಆ ಮೂಳೆಗಳೇ ನನಗೆ ಈ ಅಡುಗೆಯ ಒಳ್ಳೇ ಪಾಲು. ಅವರೆಕಾಯಿ ಕಾಲವಾದರೆ ಹಿತಕಿದ ಬೇಳೆ ಜೊತೆ ಸಾರು ಮಾಡುತ್ತೇನೆ, ಇಲ್ಲದಿದ್ದರೆ ಹುರುಳಿಕಾಳು. ಮೂಳೆಯನ್ನು ಈರುಳ್ಳಿ, ಟೊಮ್ಯಾಟೊ ಜೊತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ, ಆ ನೀರಿಗೆ ಬೇಯಿಸಿದ ಕಾಳು ಹಾಕಬೇಕು. ಖಾರಕ್ಕೆ ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸಿನಕಾಯಿ ರುಬ್ಬಿದರೆ ಸಾಕು, ಚಕ್ಕೆ ಲವಂಗ ಕೈಬಿಡಿ. ಮುದ್ದೆಗೆ ಇದಕ್ಕಿಂತ ಒಳ್ಳೇ ಜೊತೆ ನಾನು ಕಂಡಿಲ್ಲ. ಉಪ್ಪನ್ನು ಮಾತ್ರ ಕೊನೆಗೆ, ರುಚಿ ನೋಡಿ ಹಾಕಿ. ಮೂಳೆಯಲ್ಲಿ ಆಗಲೇ ಸಾಕಷ್ಟು ಇರುತ್ತದೆ.